ಹೂಬ್ನರ್ ಮೇಸ್ತ್ರಿಯ ಹೆಬ್ಬೆರಳು

ಗಾಟ್‌ಲೀಬ್ ಹೂಬ್ನರ್ ಅವರ ಬಲಗೈ ಹೆಬ್ಬೆರಳಿಗೆ ಸ್ಪರ್ಶ ಇರಲಿಲ್ಲ. ಬಿಸಿ, ತಂಪು, ಒದ್ದೆ, ಒಣ, ಯಾವುದೂ ಅದಕ್ಕೆ ತಿಳಿಯುತ್ತಿರಲಿಲ್ಲ. ಊರಿನಲ್ಲಿ ಈ ಸಂಗತಿ ಗೊತ್ತಿದ್ದವರು ನಾವು ಮೂರೇ ಜನ: ಅವರು, ಅವರ ಮಗಳು ಹುಲ್ಡಾ, ಹುಲ್ಡಾಳನ್ನು ಮದುವೆಯಾದ ನಾನು. ಮಿಕ್ಕಂತೆ ಟ್ರೆಮ್ಲೆಟ್ ಕಾರ್ಖಾನೆಯ ಅಷ್ಟೂ ಜನ ಆ ಹೆಬ್ಬೆರಳನ್ನೇ ನಂಬಿಕೊಂಡಿದ್ದರು.

ನಂಬುವುದಕ್ಕೆ ಕಾರಣವಿತ್ತು. ಟ್ರೆಮ್ಲೆಟ್ ಕಾರಿನ ಬಾಡಿಯ ಮೇಲೆ ಇಪ್ಪತ್ತೆರಡು ಕೋಟ್ ಬೀಳುತ್ತಿತ್ತು. ಮೊದಲು ಸೀಸದ ಬಿಳಿ, ಆಮೇಲೆ ಬಣ್ಣ, ಕೊನೆಗೆ ವಾರ್ನಿಷ್. ಪ್ರತಿ ಕೋಟ್ ಒಣಗಿದ ಮೇಲೆ ಉಜ್ಜುಕಲ್ಲಿನ ಪುಡಿ ಮತ್ತು ನೀರು ಹಾಕಿ ಕೈಯಲ್ಲೇ ತಿಕ್ಕಬೇಕು. ಒಂದು ಬಾಡಿ ಮುಗಿಯುವುದಕ್ಕೆ ಹನ್ನೊಂದು ವಾರ ಹಿಡಿಯುತ್ತಿತ್ತು. ಕೊನೆಯ ವಾರ್ನಿಷ್ ಒಣಗಿತೋ ಇಲ್ಲವೋ ಎಂದು ಹೇಳುವುದು ಗಡಿಯಾರವಲ್ಲ, ಮೇಸ್ತ್ರಿ. ಕಾರಿನ ಬಾಗಿಲಿನ ಕೆಳಗಡೆ, ಕೀಲಿನ ಪಕ್ಕ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಆತ ಹೆಬ್ಬೆರಳನ್ನು ಒತ್ತಿ ಹತ್ತರವರೆಗೆ ಎಣಿಸುತ್ತಾನೆ. ಬೆರಳು ಅಂಟದೆ ಎದ್ದು ಬಂದರೆ, ಗುರುತು ಉಳಿಯದಿದ್ದರೆ, 'ಆಯ್ತು' ಎನ್ನುತ್ತಾನೆ. ಅವನು ಅನ್ನುವ ತನಕ ವಾರ್ನಿಷ್ ಕೋಣೆಗೆ ಯಜಮಾನನೂ ಕಾಲಿಡುವಂತಿಲ್ಲ. ಇಟ್ಟರೂ ಉಣ್ಣೆಯ ಕೋಟು ತೆಗೆದು, ಬೂಟು ಬಿಚ್ಚಿ ಬರಬೇಕು.

ಈ ಪದ್ಧತಿ ಹೆಣದ ಗಾಡಿಗಳ ಕಾಲದ್ದು. ಟ್ರೆಮ್ಲೆಟ್ ಮನೆತನದವರು ಹಾರ್ಮನ್ ಫಾಲ್ಸ್‌ನಲ್ಲಿ ನಲವತ್ತು ವರ್ಷ ಹೆಣ ಸಾಗಿಸುವ ಕುದುರೆಗಾಡಿ ಕಟ್ಟಿದವರು. ಇಡೀ ಒಹಾಯೊದಲ್ಲಿ ಅಷ್ಟು ಹೊಳೆಯುವ ಗಾಡಿ ಇನ್ನೊಂದಿರಲಿಲ್ಲ. ಟ್ರೆಮ್ಲೆಟ್ ಗಾಡಿ ಹತ್ತಿದವನು ಇವತ್ತಿನವರೆಗೂ ದೂರು ಹೇಳಿಲ್ಲ ಎಂದು ಊರಿನವರು ನಗುತ್ತಿದ್ದರು. ಅಪ್ಪ ಸತ್ತ ಮೇಲೆ ಮಗ ಚಾನ್ಸಿ ಟ್ರೆಮ್ಲೆಟ್ ಹೆಣದ ಗಾಡಿ ನಿಲ್ಲಿಸಿ ಮೋಟಾರು ಕಾರಿಗೆ ಕೈ ಹಾಕಿದ. ಅದು ೧೯೦೭. ಕಾರು ಚೆನ್ನಾಗಿಯೇ ಇತ್ತು. ಆರು ಸಿಲಿಂಡರು, ಒಳಗೆ ಮೇಕೆ ಚರ್ಮದ ಸೀಟು, ಹೂವಿಡುವುದಕ್ಕೆ ಬೆಳ್ಳಿಯ ಕೊಳವೆ. ಒಂದು ಕಾರಿನ ಬೆಲೆಗೆ ನಮ್ಮ ಬೀದಿಯಲ್ಲಿ ಮೂರು ಮನೆ ಬರುತ್ತಿದ್ದವು. ಪ್ರತಿ ಕಾರಿನ ಜೊತೆಗೂ ಅದರ ಅಳತೆಗೇ ಹೊಲಿದ ಫ್ಲಾನೆಲ್ ಗವುಸು ಹೋಗುತ್ತಿತ್ತು, ಅದರ ಮೇಲೆ ಟ್ರೆಮ್ಲೆಟ್ ಹೆಸರಿನ ಮೊದಲ ಅಕ್ಷರದ ಕಸೂತಿ.

ಮಾವನ ಬೆರಳಿನ ವಿಷಯ ನಮಗೆ ತಿಳಿದದ್ದು ಒಂದು ಭಾನುವಾರ ಬೆಳಿಗ್ಗೆ, ೧೯೧೦ರ ಶರತ್ಕಾಲದಲ್ಲಿ. ಒಲೆಯ ಮೇಲಿನ ಕಾಫಿ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿದುಕೊಂಡು ಮಾವ ಚರ್ಚಿನ ಪಾದ್ರಿಯನ್ನು ಬೈಯುತ್ತಾ ನಿಂತಿದ್ದರು. ಚರ್ಮ ಸುಟ್ಟ ವಾಸನೆ ಬಂತು.

"ಅಪ್ಪಾ, ಕೈ! ಕೈ ಬಿಡಿ!" ಎಂದು ಹುಲ್ಡಾ ಕಿರುಚಿದಳು.

ಮಾವ ಪಾತ್ರೆ ಕೆಳಗಿಟ್ಟು ಬೆರಳು ನೋಡಿಕೊಂಡರು. ಬೇರೆ ಯಾರದೋ ಬೆರಳು ನೋಡಿದ ಹಾಗೆ ನೋಡಿದರು. "ಎಷ್ಟು ದಿನದಿಂದ ಹೀಗೆ?" ಎಂದು ನಾನು ಕೇಳಿದೆ. "ಕಾಫಿ ಹಾಕಮ್ಮ" ಎಂದರು.

ಪಕ್ಕದ ಊರಿನ ಡಾಕ್ಟರ ಹತ್ತಿರ ಹೋಗಿ ಬಂದರು, ನಮ್ಮೂರಿನವರಿಗೆ ಗೊತ್ತಾಗದಿರಲೆಂದು. ಸೀಸ ಮೈಗೆ ಸೇರಿದೆ ಎಂದನಂತೆ ಡಾಕ್ಟರ್. "ಔಷಧಿ ಏನು ಕೊಟ್ಟ?" ಎಂದು ಕೇಳಿದೆ. "ಊಟಕ್ಕೆ ಮುಂಚೆ ಕೈ ತೊಳ್ಕೋ ಅಂದ. ಮೂವತ್ತೊಂದು ವರ್ಷ ಆದ್ಮೇಲೆ" ಎಂದು ಮಾವ ನಕ್ಕರು. ಆಮೇಲೆ ನಗಲಿಲ್ಲ.

ಅವರು ಹೆದರಿದ್ದು ಸಾವಿಗಲ್ಲ, ಆಲ್ವಿನ್ ಪೀಕ್‌ನಿಗೆ. ಪೀಕ್ ನಮ್ಮಲ್ಲಿ ಬಾಡಿಯ ಮೇಲೆ ಚಿನ್ನದ ಗೆರೆ ಎಳೆಯುತ್ತಿದ್ದವನು. ಉದ್ದ ಕೂದಲಿನ ಕುಂಚ ಹಿಡಿದು ಆರಡಿ ಗೆರೆಯನ್ನು ಒಂದೇ ಉಸಿರಿನಲ್ಲಿ ಎಳೆಯುತ್ತಿದ್ದ. ಒಂದು ದಿನ ಅವನ ಕೈ ನಡುಗಿತು. ಚಾನ್ಸಿ ಟ್ರೆಮ್ಲೆಟ್ ಅವನ ಕೈ ಕುಲುಕಿ, ಹೊಗೆಯಲ್ಲಿ ಒಣಗಿಸಿದ ಹಂದಿತೊಡೆಯೊಂದನ್ನು ಕೊಟ್ಟು ಮನೆಗೆ ಕಳಿಸಿದ. ಪೀಕ್‌ಗೆ ಹೆಂಡತಿ ಮಕ್ಕಳು ಇರಲಿಲ್ಲ. ಈಗ ಊರಾಚೆಯ ಅನಾಥಾಲಯದಲ್ಲಿದ್ದ. ಜಿಲ್ಲೆಯವರು ಗತಿಯಿಲ್ಲದ ಮುದುಕರನ್ನು ಇಡುವ ಜಾಗ ಅದು. ಅವನು ಅಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿರುವುದನ್ನು ಮಾವ ಒಮ್ಮೆ ನೋಡಿ ಬಂದಿದ್ದರು.

"ಕೆಲ್ಸ ಹೋದ್ರೆ ನಮ್ಮನೇಲೇ ಇದ್ದೀರಲ್ಲ ಮಾವ. ಅಲ್ಲಿಗೆ ಯಾಕೆ ಹೋಗ್ತೀರಿ?" ಎಂದೆ.

"ನಿನ್ನ ಮನೇಲಿ ನಾನೇನಾಗಿ ಇರ್ಲಿ ಎಮಿಲ್? ನಾಯಿ ಆಗಿ ಇರ್ಲಾ? ನಾಯಿಗಾದ್ರೂ ಬೊಗಳೋ ಕೆಲ್ಸ ಇರುತ್ತೆ."

ಇನ್ನೊಂದು ವಿಷಯವೂ ಇತ್ತು. ಉತ್ತರದ ದೊಡ್ಡ ಕಾರ್ಖಾನೆಗಳು ಬಣ್ಣವನ್ನು ಒಲೆಯಲ್ಲಿಟ್ಟು ಸುಡುವುದಕ್ಕೆ ಶುರುಮಾಡಿದ್ದವು. ಹನ್ನೊಂದು ವಾರದ ಕೆಲಸ ಮೂರು ದಿನದಲ್ಲಿ ಮುಗಿಯುತ್ತಿತ್ತು. ನಮ್ಮ ಮ್ಯಾನೇಜರ್ ವರ್ಷದಿಂದ ಅದನ್ನೇ ಜಪಿಸುತ್ತಿದ್ದ. ಚಾನ್ಸಿ ಒಪ್ಪಿರಲಿಲ್ಲ. ಆದರೆ ಹೂಬ್ನರ್ ಹೊರಟ ದಿನವೇ ಒಲೆ ಒಳಗೆ ಬರುತ್ತದೆ, ಮಾವನ ಜೊತೆಗೆ ಆ ಕೋಣೆಯೂ ಹೋಗುತ್ತದೆ ಎಂಬುದು ಎಲ್ಲರಿಗೂ ತಿಳಿದ ಮಾತು.

ಹಾಗಾಗಿ ನಾವು ಒಂದು ಉಪಾಯ ಮಾಡಿಕೊಂಡೆವು. ನಾನು ಆ ಕೋಣೆಯಲ್ಲಿ ಮಾವನ ಕೈಕೆಳಗಿನವನು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಧೂಳು ಏಳದಂತೆ ನೆಲಕ್ಕೆ ನೀರು ಹಾಕುವುದು ನನ್ನ ಕೆಲಸ. ಆಗ ನಾನೇ ಬಾಗಿಲಿನ ಕೆಳಗೆ ಒತ್ತಿ ನೋಡುತ್ತಿದ್ದೆ. ಒಣಗಿದ್ದರೆ ಒರೆಸುವ ಬಟ್ಟೆ ನನ್ನ ಹೆಗಲ ಮೇಲೆ. ಒಣಗದಿದ್ದರೆ ಕೈಯಲ್ಲಿ. ಮಾವ ಎಲ್ಲರೆದುರು ಬಗ್ಗಿ ತಮ್ಮ ಸತ್ತ ಬೆರಳನ್ನು ಒತ್ತಿ, ಹತ್ತು ಎಣಿಸಿ, ತಲೆಯೆತ್ತಿ ನನ್ನ ಹೆಗಲು ನೋಡಿ ತೀರ್ಪು ಹೇಳುತ್ತಿದ್ದರು. ಹೀಗೆ ಒಂದು ವರ್ಷದ ಮೇಲೆ ನಡೆಯಿತು. ಒಂದು ಕಾರಿನದೂ ತಪ್ಪಲಿಲ್ಲ.

ಕಾರು ಕೊಳ್ಳುವವರು ಮಾತ್ರ ಕಡಿಮೆಯಾದರು. ೧೯೧೧ರ ಕೊನೆಗೆ ಚಾನ್ಸಿ ಎಲ್ಲರನ್ನೂ ಅಂಗಳದಲ್ಲಿ ಸೇರಿಸಿ ಹೇಳಿದ: ಜನವರಿಯಲ್ಲಿ ನ್ಯೂಯಾರ್ಕಿನ ಪ್ರದರ್ಶನಕ್ಕೆ ಒಂದು ಕಾರು ಹೋಗುತ್ತದೆ. ಅಲ್ಲಿ ಮಾರಾಟಗಾರರು ಐವತ್ತು ಕಾರು ಕೇಳಿದರೆ ಮುಂದಿನ ವರ್ಷ ಉಂಟು, ಇಲ್ಲದಿದ್ದರೆ ಇಲ್ಲ. ಅವನು ಬಣ್ಣವನ್ನು ತಾನೇ ಆರಿಸಿದ. ಕಡುನೇರಳೆ, ಹೆಚ್ಚುಕಡಿಮೆ ಕಪ್ಪು. ಹೆಣದ ಗಾಡಿಯ ಮಗ ಎಂದರು ನಮ್ಮವರು.

ಕೊನೆಯ ವಾರ್ನಿಷ್ ಅನ್ನು ಮಾವ ಡಿಸೆಂಬರ್ ಹತ್ತೊಂಬತ್ತಕ್ಕೆ ಹಚ್ಚಿದರು. ಅಂಥ ಕೆಲಸವನ್ನು ನಾನು ಮತ್ತೆ ನೋಡಿಲ್ಲ. ಮಣಿಕಟ್ಟು ಸೋತಿದ್ದರೂ ತೋಳಿನಿಂದ ಕುಂಚ ಎಳೆದರು. ಬಾಡಿಯ ಮುಂದೆ ನಿಂತರೆ ನಮ್ಮ ಹುಬ್ಬಿನ ಕೂದಲು ಎಣಿಸಬಹುದಿತ್ತು. ಬೆಚ್ಚಗಿನ ಕೋಣೆಯಲ್ಲಿ ಅದಕ್ಕೆ ಹದಿನಾಲ್ಕು ದಿನ ಬೇಕು. ರೈಲು ಜನವರಿ ಎರಡರ ಮಧ್ಯಾಹ್ನಕ್ಕಿತ್ತು. ಲೆಕ್ಕ ಸರಿಯಾಗಿತ್ತು.

ಕ್ರಿಸ್‌ಮಸ್ ದಿನ ಬಾಯ್ಲರ್ ನೋಡಿಕೊಳ್ಳುವ ಬಿಕ್ಸ್‌ಬಿ ಕುಡಿದು ಮಲಗಿದ. ಬೆಂಕಿ ಆರಿತು. ಮಾರನೆಯ ಮಧ್ಯಾಹ್ನ ನಾನು ಹೋಗಿ ನೋಡಿದಾಗ ಕಿಟಕಿ ಗಾಜಿನ ಒಳಗಡೆಗೆ ಮಂಜು ಕಟ್ಟಿತ್ತು. ವಾರ್ನಿಷ್‌ಗೆ ಚಳಿ ಹಿಡಿದರೆ ಅದು ಕಳೆದುಕೊಂಡ ದಿನವನ್ನು ಒಂದಕ್ಕೆ ಮೂರರಂತೆ ವಸೂಲಿ ಮಾಡುತ್ತದೆ. ಬಿಕ್ಸ್‌ಬಿ ಕಾಲು ಹಿಡಿಯುವುದೊಂದು ಬಾಕಿ. ಅವನಿಗೆ ಐದು ಮಕ್ಕಳು. ನಾವು ಯಾರಿಗೂ ಹೇಳಲಿಲ್ಲ. ಕಲ್ಲಿದ್ದಲು ಹೆಚ್ಚು ಹಾಕಿದೆವು, ಅಷ್ಟೆ.

ಜನವರಿ ಎರಡು, ಮಂಗಳವಾರ. ಬೆಳಿಗ್ಗೆ ಆರಕ್ಕೆ ನಾನು ಬಾಗಿಲಿನ ಕೆಳಗೆ ಹೆಬ್ಬೆರಳು ಒತ್ತಿ ಹತ್ತು ಎಣಿಸಿದೆ. ಬೆರಳು ಏಳುವಾಗ ಒಂದು ಕ್ಷಣ ತಡೆಯಿತು. ದೀಪ ಹತ್ತಿರ ಹಿಡಿದೆ. ನನ್ನ ಹೆಬ್ಬೆರಳಿನ ಗೆರೆಗಳು ಅಲ್ಲಿ ಇದ್ದವು, ತೆಳ್ಳಗೆ, ಉಸಿರು ಬಿಟ್ಟ ಗಾಜಿನ ಮೇಲಿದ್ದಂತೆ. ಒದ್ದೆ ಅಲ್ಲ. ಒಣಗಿಯೂ ಇಲ್ಲ. ಗಾಳಿಯಲ್ಲಿ ಇನ್ನೆರಡು ದಿನ ಬೇಕಿತ್ತು.

ಒಂಬತ್ತಕ್ಕೆ ಚಾನ್ಸಿ ಬಂದ. ಬೂಟು ಬಿಚ್ಚಿ, ಕೋಟು ಕಳಚಿ, ಸಿಲ್ಕ್ ಅಂಗಿಯಲ್ಲಿ ಒಳಗೆ ಬಂದು ನಿಂತ. ಅವನ ಹಿಂದೆ ಮ್ಯಾನೇಜರ್. ಬಾಗಿಲಲ್ಲಿ ಸರಕು ಕಳಿಸುವ ವಿಭಾಗದ ಗೆರಿಟಿ.

"ಹೂಬ್ನರ್ ಮೇಸ್ತ್ರಿ, ಇವತ್ತಿನ ರೈಲು ತಪ್ಪಿದ್ರೆ ಪ್ರದರ್ಶನಕ್ಕೆ ಕಾರು ಸೇರಲ್ಲ" ಎಂದ ಚಾನ್ಸಿ. "ನೀವು ಇಲ್ಲ ಅಂದ್ರೆ ಇಲ್ಲ. ನಮ್ಮಪ್ಪನ ಕಾಲದಿಂದ ಈ ಕೋಣೇಲಿ ನಿಮ್ಮ ಮಾತು ಮೀರಿಲ್ಲ, ಇವತ್ತೂ ಮೀರಲ್ಲ. ಆದ್ರೆ ನಾಳೆ ನಾನು ಒಲೆ ತರಿಸೋದಕ್ಕೆ ಕಾಗದ ಬರೀತೀನಿ. ಮುಂದಿನ ಸಲ ಒಂದು ಹೆಬ್ಬೆರಳಿಗೋಸ್ಕರ ಇಷ್ಟು ಜನ ಕಾಯೋದು ಬೇಡ."

"ಕಾಗದ ಬರೆಯೋದಕ್ಕೆ ನಾಳೆವರೆಗೂ ಯಾಕೆ ಯಜಮಾನ್ರೆ? ಮ್ಯಾನೇಜರ್ ಸಾಹೇಬ್ರ ಜೇಬಲ್ಲೇ ಇರಬೇಕು ನೋಡಿ, ಬರೆದಿಟ್ಟಿದ್ದು" ಎಂದರು ಮಾವ.

ಗೆರಿಟಿ ಮುಖ ಆ ಕಡೆ ತಿರುಗಿಸಿ ನಕ್ಕ. ಮಾವ ಬಗ್ಗಿದರು. ಬೆರಳು ಒತ್ತಿದರು. ಗಟ್ಟಿಯಾಗಿ ಎಣಿಸಿದರು, ಜರ್ಮನ್‌ನಲ್ಲಿ, ಯಾವಾಗಲೂ ಹಾಗೇ.

ಬಟ್ಟೆ ನನ್ನ ಕೈಯಲ್ಲಿತ್ತು. ಅವರ ಎಣಿಕೆ ಏಳಕ್ಕೆ ಬಂದಾಗ ನಾನು ಅದನ್ನು ಹೆಗಲ ಮೇಲೆ ಹಾಕಿಕೊಂಡೆ.

ನಾನು ಯೋಚಿಸಿದ್ದು ಇಷ್ಟು: ರೈಲಿನಲ್ಲಿ ಎರಡು ದಿನ. ಸರಕಿನ ಡಬ್ಬಿಯಲ್ಲಿ ಗಾಳಿ ಆಡುತ್ತದೆ. ಗವುಸು ಹಾಕದಿದ್ದರೆ ನ್ಯೂಯಾರ್ಕ್ ಸೇರುವ ಹೊತ್ತಿಗೆ ಒಣಗಿರುತ್ತದೆ. ಮಾವನಿಗೆ ಇನ್ನೊಂದು ವರ್ಷ ಸಿಗುತ್ತದೆ. ಇದು ಕೆಲಸ ಗೊತ್ತಿಲ್ಲದವನ ಯೋಚನೆಯಲ್ಲ. ಕೆಲಸ ಗೊತ್ತಿದ್ದವನು ಮಾತ್ರ ಹೀಗೆ ತಪ್ಪುತ್ತಾನೆ.

ಮಾವ ತಲೆಯೆತ್ತಿ ನನ್ನ ಹೆಗಲು ನೋಡಿದರು. ಸ್ವಲ್ಪ ಹೆಚ್ಚು ಹೊತ್ತು ನೋಡಿದರು. "ಆಯ್ತು" ಎಂದರು.

ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ನಾನು ಗೆರಿಟಿಯ ಪಕ್ಕ ನಡೆದೆ. "ಗವುಸು ಈಗಲೇ ಹೊದಿಸಬೇಡ ಮಾರಾಯ. ಮಡಿಸಿ ಸೀಟಿನ ಮೇಲಿಡು."

"ಯಾಕೆ, ಸೆಕೆ ಆಗುತ್ತಾ ಅದಕ್ಕೆ? ಹೊರಗೆ ಉಗುಳಿದ್ರೆ ನೆಲ ಮುಟ್ಟೋಷ್ಟರಲ್ಲಿ ಗಡ್ಡೆ ಕಟ್ತಿದೆ."

"ಒಂದೆರಡು ದಿನ ಗಾಳಿ ಆಡ್ಲಿ ಅಂತ."

ಗೆರಿಟಿ ನಿಂತ. "ನಿಮ್ಮ ಮಾವ ಆಯ್ತು ಅಂದ್ರಲ್ಲ?"

"ಅಂದ್ರು. ಆಗಿದೆ. ಆದ್ರೂ."

"ನಿಮ್ಮ ಮನೆಯೋರೆಲ್ಲ ಬಸುರಿ ಹೆಂಗಸರ ಥರ ಕಣೋ. ಆ ವಾಸನೆ ಆಗಲ್ಲ, ಈ ಗಾಳಿ ಬೇಕು. ಸರಿ, ಸೀಟಿನ ಮೇಲೇ ಇಡ್ತೀನಿ."

ಅವನು ಮಾತಿನಂತೆಯೇ ಇಟ್ಟ. ಕಾರನ್ನು ಡಬ್ಬಿಗೆ ಏರಿಸಿ, ಚಕ್ರಕ್ಕೆ ಮರದ ತುಂಡು ಬಡಿದು, ಗವುಸನ್ನು ಮಡಿಸಿ ಒಳಗಿಟ್ಟ. ಆಗ ಚಾನ್ಸಿ ತನ್ನ ಹೆಂಡತಿಯನ್ನೂ ಊರ ಪತ್ರಿಕೆಯ ಫೋಟೋದವನನ್ನೂ ಕರೆದುಕೊಂಡು ಬಂದ. ಡಬ್ಬಿಯೊಳಗೆ ಇಣುಕಿ ನೋಡಿ ಅವನ ಮುಖ ಕೆಂಪಾಯಿತು.

"ಏನ್ರೋ ಇದು? ಮದುಮಗಳನ್ನ ಮುಸುಕಿಲ್ಲದೆ ಕಳಿಸ್ತಾರೇನೋ? ಹಾಕ್ರೋ ಅದನ್ನ. ಹೆಸರು ಈ ಕಡೆಗೆ ಕಾಣೋ ಹಾಗೆ ಹಾಕಿ."

ಗೆರಿಟಿ ನನ್ನ ಕಡೆ ನೋಡಿದ. ನಾನು ಮೂರು ಹೆಜ್ಜೆ ದೂರದಲ್ಲಿದ್ದೆ. ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಿದರೆ ಮಾವ ಸುಳ್ಳು ಹೇಳಿದರು ಎಂದಾಗುತ್ತದೆ, ಆಮೇಲೆ ಬೆರಳಿನ ಕಥೆ ಬರುತ್ತದೆ. ಮಾವ ಅಲ್ಲೇ ಇದ್ದರು, ಟೋಪಿ ಕೈಯಲ್ಲಿ ಹಿಡಿದು. ಫೋಟೋದವನು ಅವರನ್ನೂ ಸಾಲಿನಲ್ಲಿ ನಿಲ್ಲಿಸಿದ್ದ. ಮೂವತ್ತೆರಡು ವರ್ಷದ ಕೆಲಸದಲ್ಲಿ ಅವರ ಫೋಟೋ ತೆಗೆದದ್ದು ಅದೊಂದೇ ಸಲ.

ನಾಲ್ಕು ಜನ ಸೇರಿ ಗವುಸು ಹೊದಿಸಿದರು. ಅಲುಗಾಡಬಾರದೆಂದು ಚರ್ಮದ ಪಟ್ಟಿಗಳನ್ನು ಬಿಗಿಯಾಗಿ ಎಳೆದು ಕಟ್ಟಿದರು.

ಶನಿವಾರ ಪ್ರದರ್ಶನ ಶುರುವಾಯಿತು. ಸೋಮವಾರ ಆಫೀಸಿಗೆ ತಂತಿ ಬಂತು, ಕಾರನ್ನು ವೇದಿಕೆಯಿಂದ ಇಳಿಸಲಾಗಿದೆ ಎಂದು. ಏಕೆ ಎಂದು ಅದರಲ್ಲಿ ಇರಲಿಲ್ಲ. ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಚಾನ್ಸಿಯ ಜೊತೆ ಹೋಗಿದ್ದ ಡ್ರೈವರ್ ವಾಪಸು ಬಂದು ಉಳಿದದ್ದನ್ನು ಹೇಳಿದ. ಗವುಸು ಎಳೆದಾಗ ಅದು ಬರಲಿಲ್ಲವಂತೆ. ಸುಲಿದ ಹಾಗೆ ಸುಲಿದು ತೆಗೆದರಂತೆ. ಚಿಕಾಗೋದ ಮಾರಾಟಗಾರನೊಬ್ಬ ಬಾಗಿಲ ಮೇಲೆ ಉಗುರು ಆಡಿಸಿ, "ಟ್ರೆಮ್ಲೆಟ್, ಇದು ಕಾರೋ ಸೋಫಾನೋ?" ಎಂದನಂತೆ. ಸುತ್ತ ಇದ್ದವರು ನಕ್ಕರಂತೆ. ಐವತ್ತು ಬೇಕಿದ್ದ ಕಡೆ ಒಬ್ಬನೂ ಕೇಳಲಿಲ್ಲ.

ಕಾರು ಹದಿನೆಂಟಕ್ಕೆ ಹಿಂತಿರುಗಿತು. ಚಾನ್ಸಿ ಅದನ್ನು ಅಂಗಳದ ನಡುವೆ ನಿಲ್ಲಿಸಿ ಗಂಟೆ ಬಾರಿಸಿದ. ಎಲ್ಲರೂ ಕೆಲಸ ಬಿಟ್ಟು ಬಂದರು. ಸೀಟು ಹೊಲಿಯುವವರು ಚರ್ಮಕ್ಕೆ ಬಡಿಯುವ ಸಣ್ಣ ಮೊಳೆಗಳನ್ನು ಬಾಯಲ್ಲಿ ಇಟ್ಟುಕೊಂಡೇ ಬಂದರು. ಆ ಕಡುನೇರಳೆ ಮೈಯ ತುಂಬ ಫ್ಲಾನೆಲ್ಲಿನ ನೇಯ್ಗೆ ಅಚ್ಚಾಗಿತ್ತು, ಎಳೆ ಎಳೆಯಾಗಿ, ಬಾಗಿಲಿನಿಂದ ಬಾಗಿಲಿಗೆ. ಪಟ್ಟಿ ಬಿಗಿದಿದ್ದ ಕಡೆ ತಗ್ಗು. ಪಕ್ಕದ ಬಾಗಿಲ ಮೇಲೆ ಟ್ರೆಮ್ಲೆಟ್ ಹೆಸರಿನ ಮೊದಲ ಅಕ್ಷರ, ಕಸೂತಿಯ ಗಂಟುಗಳ ಸಮೇತ.

"ಮೇಸ್ತ್ರಿ, ಇದೇನು?" ಎಂದ ಚಾನ್ಸಿ. ಅವನು ಕೂಗಲಿಲ್ಲ.

ಮಾವ ಹತ್ತಿರ ಹೋಗಿ ಬಗ್ಗಿದರು. ಕೀಲಿನ ಪಕ್ಕದ ಆ ಜಾಗವನ್ನು ಕಣ್ಣಿಟ್ಟು ನೋಡಿದರು. ಅಲ್ಲಿಗೆ ಗವುಸು ಮುಟ್ಟಿರಲಿಲ್ಲ. ಅಲ್ಲಿ ಒಂದರ ಪಕ್ಕ ಒಂದು ಎರಡು ಗುರುತು ಇದ್ದವು. ಒಂದು ಅವರದು, ಸುಟ್ಟ ಕಲೆ ಇದ್ದ ಅಗಲ ಹೆಬ್ಬೆರಳಿನದು. ಇನ್ನೊಂದು ನನ್ನದು. ಅವರು ಎಡಗೈ ಉಗುರಿನಿಂದ ಎರಡನ್ನೂ ಕೆರೆದು ಹಾಕಿ ಎದ್ದರು.

"ನನ್ನ ತಪ್ಪು" ಎಂದರು.

"ಒಣಗಿಲ್ಲ ಅಂತ ನಿಮಗೆ ಗೊತ್ತಾಗ್ಲಿಲ್ವಾ?"

ಮಾವ ಸೀಟು ಹೊಲಿಯುವ ಮುದುಕನೊಬ್ಬನ ಮುಂದೆ ಕೈಯೊಡ್ಡಿದರು. ಅವನು ಏನೆಂದು ತಿಳಿಯದೆ ಬಾಯಿಂದ ಒಂದು ಮೊಳೆ ತೆಗೆದು ಕೊಟ್ಟ. ಮಾವ ಅದನ್ನು ಬಲಗೈ ಹೆಬ್ಬೆರಳಿಗೆ ಚುಚ್ಚಿ, ತಲೆಯವರೆಗೂ ಒತ್ತಿ, ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದರು. ಮುಖ ಒಂದಿಷ್ಟೂ ಅಲುಗಲಿಲ್ಲ. ರಕ್ತ ಮಣಿಕಟ್ಟಿಗೆ ಇಳಿಯಿತು.

"ಅಯ್ಯೋ ದೇವ್ರೆ" ಎಂದ ಗೆರಿಟಿ. "ಹಾಗಾದ್ರೆ ಇಷ್ಟು ದಿನ ಹ್ಯಾಗೆ ಹೇಳ್ತಿದ್ರಿ?"

"ಅದೃಷ್ಟ" ಎಂದರು ಮಾವ.

ಆಗ ನಾನು ಬಾಯಿ ಬಿಡಬಹುದಿತ್ತು. ಅವರ ಬೆರಳಿನ ಗುಟ್ಟು ಹೊರಬಿದ್ದಿತ್ತು, ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ನನ್ನದೊಂದು ಉಳಿದಿತ್ತು. ನಾನು ನೆಲ ನೋಡುತ್ತಾ ನಿಂತೆ. ಗೆರಿಟಿ ನನ್ನನ್ನು ನೋಡುತ್ತಿದ್ದ. ಅವನೂ ಏನೂ ಅನ್ನಲಿಲ್ಲ. ಅವತ್ತಿನಿಂದ ನನ್ನ ಹತ್ತಿರ ತಮಾಷೆಯನ್ನೂ ಮಾಡಲಿಲ್ಲ.

ಮಾವನಿಗೆ ಹಂದಿತೊಡೆ ಸಿಗಲಿಲ್ಲ. ಮನೆಗೆ ನಡೆದು ಬರುವಾಗ ಸೇತುವೆಯ ಮೇಲೆ ನಿಂತು ಕೇಳಿದರು: "ಬಟ್ಟೆ ಹೆಗಲ ಮೇಲಿತ್ತಲ್ಲ ಎಮಿಲ್? ನಾನು ಸರಿಯಾಗೇ ನೋಡಿದ್ನಲ್ಲ?"

"ಹೆಗಲ ಮೇಲಿತ್ತು ಮಾವ."

"ಸರಿ. ಕಣ್ಣೂ ಹೋಯ್ತೇನೋ ಅಂದ್ಕೊಂಡೆ."

"ನಿಮ್ಮ ಕೆಲ್ಸ ಉಳೀಲಿ ಅಂತ—"

"ನನ್ನ ಕೆಲ್ಸ ಏನು ಗೊತ್ತೇನಯ್ಯ? ಒಣಗಿಲ್ಲ ಅನ್ನೋದು. ಆಯ್ತು ಅನ್ನೋದನ್ನ ಯಾವನು ಬೇಕಾದ್ರೂ ಅಂತಾನೆ."

ಮತ್ತೆ ಅವರು ಆ ವಿಷಯ ಎತ್ತಲಿಲ್ಲ. ಊಟಕ್ಕೆ ಕುಳಿತರು, ಹುಲ್ಡಾ ಮಾಡಿದ ಹುಳಿ ಎಲೆಕೋಸು ಮತ್ತು ಆಲೂಗಡ್ಡೆ ತಿಂದರು, ತಟ್ಟೆ ತಾವೇ ತೊಳೆದರು. ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಕುಂಚಗಳ ಪೆಟ್ಟಿಗೆಯನ್ನು ನನ್ನ ಬಾಗಿಲ ಮುಂದೆ ಇಟ್ಟು, ಇನ್ನೊಂದು ಅಂಗಿ ಕಾಗದದಲ್ಲಿ ಸುತ್ತಿಕೊಂಡು ಅನಾಥಾಲಯಕ್ಕೆ ನಡೆದುಹೋದರು. ಹುಲ್ಡಾ ಹಿಂದೆಯೇ ಓಡಿದಳು. ಅವರು ಬರಲಿಲ್ಲ. ಅವಳು ವಾಪಸು ಬಂದು ಅಡುಗೆಮನೆಯಲ್ಲಿ ನಿಂತು, "ಅವತ್ತು ಏನಾಯ್ತು ಹೇಳಿ" ಎಂದಳು. ಹೇಳಿದೆ. ಅವಳು ಅಳಲಿಲ್ಲ. "ಅಂಗಳದಲ್ಲಾದ್ರೂ ಹೇಳ್ಬಹುದಿತ್ತು" ಎಂದಳು.

ಫೆಬ್ರವರಿಯಲ್ಲಿ ವಾರ್ನಿಷ್ ಕೋಣೆಯ ಗೋಡೆ ಒಡೆದು ಒಲೆ ತಂದರು. ಏಳು ಕಾರಿನ ಬಣ್ಣ ಅದರಲ್ಲಿ ಸುಟ್ಟರು. ಟ್ರೆಮ್ಲೆಟ್ ಬೆಲೆಗೆ ಬೇರೆ ಯಾರದೋ ಬಣ್ಣ ಎಂದು ಕೊಳ್ಳುವವರು ಮೂಗು ಮುರಿದರು. ಜೂನ್‌ನಲ್ಲಿ ಗೇಟಿಗೆ ಬೀಗ ಬಿತ್ತು. ನಾನು ಟೊಲೆಡೊಗೆ ಹೋಗಿ ಚಕ್ರಗಳನ್ನು ಬಣ್ಣದ ತೊಟ್ಟಿಯಲ್ಲಿ ಅದ್ದಿ ತೆಗೆಯುವ ಕೆಲಸಕ್ಕೆ ಸೇರಿದೆ. ಅಲ್ಲಿ ಒಣಗಿತೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಗಂಟೆ ಹೊಡೆಯುತ್ತದೆ, ತೆಗೆಯುತ್ತೇವೆ.

ಮಾವನನ್ನು ನೋಡಲು ನಾಲ್ಕು ಸಲ ಹೋದೆ. ಮೂರು ಸಲ ಪೀಕ್‌ನ ಪಕ್ಕ ಕುಳಿತು ಅವರೆಕಾಯಿ ಬಿಡಿಸುತ್ತಿದ್ದರು. ಪೀಕ್‌ನ ಕೈ ನಡುಗಿ ಕಾಳು ಚೆಲ್ಲಿದರೆ ಇವರು ಆರಿಸಿ ಕೊಡುತ್ತಿದ್ದರು, ಎಡಗೈಯಿಂದ. ನನ್ನ ಹತ್ತಿರ ಹವೆಯ ವಿಷಯ ಮಾತಾಡಿದರು. ನಾಲ್ಕನೆಯ ಸಲ ಹೋದಾಗ, ೧೯೧೩ರ ಫೆಬ್ರವರಿಯಲ್ಲಿ, ಹಿಂದಿನ ದಿನವೇ ಹೂಳಿದ್ದರು. ಪೆಟ್ಟಿಗೆ ಹಸಿ ಪೈನ್ ಮರದ್ದು, ಬಣ್ಣ ಹಚ್ಚಿರಲಿಲ್ಲ ಎಂದು ಪೀಕ್ ಹೇಳಿದ.

ಟ್ರೆಮ್ಲೆಟ್ ಕಾರ್ಖಾನೆ ಐದು ವರ್ಷದಲ್ಲಿ ಇನ್ನೂರ ಹದಿನೇಳು ಕಾರು ಕಟ್ಟಿತು. ಅವುಗಳಲ್ಲಿ ಇವತ್ತು ಓಡುತ್ತಿರುವುದು ನನಗೆ ಗೊತ್ತಿರುವಂತೆ ಒಂದೂ ಇಲ್ಲ. ಬೀಗ ಬಿದ್ದಾಗ ಒಳಗೆ ಬಣ್ಣ ಕಾಣದ ಒಂಬತ್ತು ಬಾಡಿಗಳಿದ್ದವು, ಸೌದೆಗೆ ಹೋದವು. ನೂರ ಅರವತ್ತನಾಲ್ಕು ಜನರ ಕೆಲಸ ಹೋಯಿತು. ಮೂವತ್ತೆಂಟು ಸಂಸಾರ ಊರು ಬಿಟ್ಟವು. ಬಿಕ್ಸ್‌ಬಿಯದೂ ಅದರಲ್ಲಿ ಒಂದು, ನಮ್ಮದೂ ಒಂದು. ಸತ್ತದ್ದು ಮೇಸ್ತ್ರಿ ಒಬ್ಬರು.